ಫೈಲಿನಿಂದ ದಾಖಲೆ ಓದುವುದು: ಪೈಥಾನ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸದ್ದಿಲ್ಲದೆ ಮುಂದೆ ಹೋಗುತ್ತದೆ

ಒಂದು ಪುಟ್ಟ ಫೈಲಿನಿಂದ ಶುರು ಮಾಡೋಣ. ಸಾಲಿಗೊಂದರಂತೆ ನಾಲ್ಕು ಜಿಲ್ಲೆಗಳ ಹೆಸರು: ಗದಗ, ಹಾವೇರಿ, ಕೋಲಾರ, ಹಾಸನ. ಫೈಲ್ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿದೆ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿಯಲ್ಲಿ. ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್‌ನ ಓಪನ್‌ಗೆ (ಫೈಲ್ ತೆರೆಯುವ ಫಂಕ್ಷನ್) ಫೈಲಿನ ಹೆಸರೊಂದನ್ನೇ ಕೊಟ್ಟು, ಫಾರ್ ಲೂಪಿನಲ್ಲಿ ಒಂದೊಂದೇ ಸಾಲು ಓದಿ ಡೇಟಾಬೇಸಿಗೆ ತುಂಬುತ್ತೀರಿ. ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ. ಆಮೇಲೆ ಡೇಟಾಬೇಸ್ ತೆರೆದು ನೋಡಿದರೆ ಒಂದೂ ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷಿನ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿ ಕುಳಿತ ಪುಟಾಣಿ 2 ಅಥವಾ 3, ಜೊತೆಗೊಂದು ಗುರುತು, ಮತ್ತೆ ಅದೇ ಎ.

ಈಗ ಅದೇ ಫೈಲಿನ ಕೊನೆಗೆ ಮೈಸೂರು ಎಂದು ಸೇರಿಸಿ ಓಡಿಸಿ. ಈ ಸಲ ಯುನಿಕೋಡ್ ಡಿಕೋಡ್ ಎರರ್ ಕೊಟ್ಟು ಪ್ರೋಗ್ರಾಂ ನಿಂತುಬಿಡುತ್ತದೆ. ಹೆಚ್ಚಿನವರು ಎರಡನೆಯದನ್ನು ಸಮಸ್ಯೆ ಎಂದುಕೊಳ್ಳುತ್ತಾರೆ. ಕೆಡುಕು ಇರುವುದು ಮೊದಲನೆಯದರಲ್ಲಿ. ಫೈಲಿನಿಂದ ದಾಖಲೆ (ರೆಕಾರ್ಡ್) ಓದುವ ಪ್ರೋಗ್ರಾಂ ಬರೆಯುವವರಿಗೆ ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಆದಂತೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಕಾಗುಣಿತದ ಗುರುತು ಒಂದೊಂದೂ ಒಂದು ಸಂಕೇತ) ಮೂರು ಬೈಟ್. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ಓಪನ್‌ಗೆ ಎನ್‌ಕೋಡಿಂಗ್ ಹೇಳದಿದ್ದರೆ ಪೈಥಾನ್ ಆಪರೇಟಿಂಗ್ ಸಿಸ್ಟಂ ಹೇಳಿದ್ದನ್ನು ಹಿಡಿಯುತ್ತದೆ. ನಮ್ಮಲ್ಲಿನ ವಿಂಡೋಸ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ವಿಂಡೋಸ್-1252. ಆ ಕೋಷ್ಟಕದಲ್ಲಿ ಒಂದು ಬೈಟ್ ಎಂದರೆ ಒಂದು ಅಕ್ಷರ. 224 ಎಂದರೆ ಗೀಟಿನ ಎ, 178 ಮತ್ತು 179 ಎಂದರೆ ಪುಟಾಣಿ 2 ಮತ್ತು 3. ಆದರೆ ಕೋಷ್ಟಕದಲ್ಲಿ ಐದು ಸ್ಥಾನ ಖಾಲಿ ಇವೆ: 129, 141, 143, 144, 157. ಕನ್ನಡದ ಉಕಾರದ ಕೊಂಬಿನ ಮೂರನೆಯ ಬೈಟ್ 129. ಅರ್ಧಾಕ್ಷರಕ್ಕೂ ಒತ್ತಿಗೂ ಬೇಕಾಗುವ ಹಲಂತ ಚಿಹ್ನೆಯದು 141. ಏ, ಐ, ಝ ಈ ಮೂರು ಅಕ್ಷರಗಳದು ಕ್ರಮವಾಗಿ 143, 144, 157. ಗದಗ, ಹಾವೇರಿ, ಕೋಲಾರ, ಹಾಸನ ಇವುಗಳಲ್ಲಿ ಆ ಐದರಲ್ಲಿ ಯಾವುದೂ ಇಲ್ಲ, ಹಾಗಾಗಿ ಕಸವಾಗಿ ಒಳಗೆ ಹೋದವು. ಮೈಸೂರಿನ ಕೊನೆಯ ಕೊಂಬು ಖಾಲಿ ಸ್ಥಾನಕ್ಕೆ ಬಿತ್ತು, ಪೈಥಾನ್ ಕೈ ಎತ್ತಿತು. ಬೀದರ್ ಹಾಕಿದ್ದರೂ ಹಲಂತದಿಂದಾಗಿ ಹೀಗೇ ಆಗುತ್ತಿತ್ತು.

ಇನ್ನೊಂದು ಸಂಗತಿ ಗಮನಿಸಿ. ಮೈಸೂರು ಐದನೇ ಸಾಲಿನಲ್ಲಿದ್ದರೂ ಮೊದಲ ನಾಲ್ಕು ಹೆಸರುಗಳೂ ನಿಮ್ಮ ಕೈಗೆ ಸಿಗುವುದಿಲ್ಲ. ಪೈಥಾನ್ ಫೈಲನ್ನು ಸಾಲುಸಾಲಾಗಿ ಡಿಕೋಡ್ ಮಾಡದೆ, ಅಂದರೆ ಬೈಟುಗಳನ್ನು ಅಕ್ಷರಕ್ಕೆ ತಿರುಗಿಸದೆ, ದೊಡ್ಡ ದೊಡ್ಡ ತುಂಡುಗಳಲ್ಲಿ ಮಾಡುತ್ತದೆ. ಆದ್ದರಿಂದ ದೋಷದ ಸಂದೇಶದಲ್ಲಿರುವ ಸ್ಥಾನದ ಸಂಖ್ಯೆ ಆ ತುಂಡಿನೊಳಗಿನದು. ದೊಡ್ಡ ಫೈಲಿನಲ್ಲಿ ಅದನ್ನು ಫೈಲಿನ ಆರಂಭದಿಂದ ಎಣಿಸುತ್ತಾ ಹೋದರೆ ತಪ್ಪಾದ ಜಾಗಕ್ಕೆ ಹೋಗಿ ನಿಲ್ಲುತ್ತೀರಿ.

ಪರಿಹಾರ ಒಂದೇ ಮಾತು: ಓಪನ್ ಕರೆಯುವಾಗೆಲ್ಲ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಎಂದು ಬರೆಯಿರಿ. ಲಿನಕ್ಸ್‌ನಲ್ಲಿ ಬರೆಯದಿದ್ದರೂ ನಡೆಯುತ್ತದೆ, ಆದರೂ ಬರೆಯಿರಿ. ಪೈಥಾನ್ 3.15ರಿಂದ ಯುಟಿಎಫ್-8ನ್ನೇ ಡೀಫಾಲ್ಟ್ ಮಾಡುವ ತೀರ್ಮಾನವಾಗಿದೆ, ಆದರೆ ಕಚೇರಿಗಳ ಕಂಪ್ಯೂಟರುಗಳಲ್ಲಿ ಹಳೆಯ ಆವೃತ್ತಿಗಳು ಇನ್ನೂ ಬಹುಕಾಲ ಇರುತ್ತವೆ. ದೋಷ ಬಂತೆಂದು ಎರರ್ಸ್ ಎಂಬಲ್ಲಿ ಇಗ್ನೋರ್ (ಓದಲಾಗದ ಬೈಟ್ ಬಿಟ್ಟುಬಿಡು) ಎಂದು ಹಾಕುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ತಪ್ಪು ಎನ್‌ಕೋಡಿಂಗಿನಲ್ಲಿ ಓದಿ ಕಸವಾದ ಪಠ್ಯವನ್ನು ಮತ್ತೆ 1252ಕ್ಕೆ ಎನ್‌ಕೋಡ್ ಮಾಡಿ, ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಕನ್ನಡ ಹಿಂದಿರುಗುತ್ತದೆ. ಇಗ್ನೋರ್ ಹಾಕಿದ್ದರೆ ಹಲಂತಗಳ ಮತ್ತು ಕೊಂಬುಗಳ ಮೂರನೆಯ ಬೈಟ್ ಬಿದ್ದುಹೋಗಿರುತ್ತದೆ, ಆ ಅಕ್ಷರಗಳನ್ನು ಇನ್ನು ಕಟ್ಟಲಾಗುವುದಿಲ್ಲ.

ಎಕ್ಸೆಲ್‌ನಿಂದ ಸಿಎಸ್‌ವಿ ಯುಟಿಎಫ್-8 ಎಂದು ಉಳಿಸಿದ ಫೈಲಿನ (ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸಿದ ಪಠ್ಯದ ಫೈಲಿನ) ತಲೆಯಲ್ಲಿ ಬಾಮ್ ಎಂಬ ಕಾಣದ ಗುರುತು ಇರುತ್ತದೆ: 239, 187, 191 ಎಂಬ ಮೂರು ಬೈಟ್. ಬರೀ ಯುಟಿಎಫ್-8 ಎಂದು ಓದಿದರೆ ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ‘ಕ್ರಮ’ ಎಂದೇ ಕಾಣುತ್ತದೆ, ಆದರೆ ‘ಕ್ರಮ’ ಎಂಬ ಕೀ ಹುಡುಕಿದರೆ ಕೀ ಎರರ್. ಇಂಥ ಹೊತ್ತಿನಲ್ಲಿ ಪ್ರಿಂಟ್ ನಂಬಬೇಡಿ, ಆಸ್ಕಿ ಎಂಬ ಫಂಕ್ಷನ್ನಿಗೆ ಕೊಟ್ಟು ನೋಡಿ. ಅಡಗಿದ್ದದ್ದೆಲ್ಲ ಸಂಕೇತ ಸಂಖ್ಯೆಯಾಗಿ ಹೊರಬರುತ್ತದೆ. ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಬಾಮ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಹೊರಗಿನಿಂದ ಬಂದ ಫೈಲುಗಳನ್ನು ಓದಲು ಅದನ್ನೇ ಬಳಸುವುದು ವಾಸಿ.

ಇಷ್ಟು ಆದ ಮೇಲೆ ದಾಖಲೆಯ ಮಾತು. ಫೈಲಿಗೆ ದಾಖಲೆ ಎಂದರೇನು ಎಂದು ಗೊತ್ತಿಲ್ಲ, ಅದರಲ್ಲಿರುವುದು ಬೈಟುಗಳ ಸಾಲು ಅಷ್ಟೇ. ಒಂದು ದಾಖಲೆ ಎಲ್ಲಿ ಮುಗಿಯುತ್ತದೆ ಎಂಬುದು ಬರೆದವರ ಮತ್ತು ಓದುವವರ ನಡುವಿನ ಒಪ್ಪಂದ. ಒಪ್ಪಂದದ ಬಗೆ ಮುಖ್ಯವಾಗಿ ಮೂರು. ಗುರುತು ಇಟ್ಟು ಮುಗಿಸುವುದು, ಉದ್ದ ಗೊತ್ತುಮಾಡಿ ಮುಗಿಸುವುದು, ಉದ್ದವನ್ನು ಮೊದಲೇ ಬರೆದಿಟ್ಟು ಮುಗಿಸುವುದು. ಇವತ್ತು ಮೊದಲ ಎರಡನ್ನು ನೋಡೋಣ. ದಿನನಿತ್ಯ ಕೈಗೆ ಬರುವುದು ಅವೇ.

ಸಾಲಿನ ಕೊನೆಯೇ ದಾಖಲೆಯ ಕೊನೆ, ಕಾಮಾ ಎಂದರೆ ಕಾಲಂನ ಕೊನೆ ಎಂದುಕೊಂಡು, ಪಠ್ಯವನ್ನು ತುಂಡು ಮಾಡುವ ಸ್ಪ್ಲಿಟ್‌ಗೆ ಕಾಮಾ ಕೊಟ್ಟು ಸಿಎಸ್‌ವಿ ಓದುವುದು ಎಲ್ಲರೂ ಮೊದಲು ಮಾಡುವ ಕೆಲಸ. ನಾಲ್ಕು ಕಾಲಂಗಳ ಈ ದಾಖಲೆ ನೋಡಿ:

17,ಶಾರದಾ,"ರೈಲ್ವೆ ರಸ್ತೆ, 12, ಹಾಸನ",850

ಕಾಲಂಗಳು ಕ್ರಮ, ಹೆಸರು, ವಿಳಾಸ, ಮೊತ್ತ. ಸ್ಪ್ಲಿಟ್ ಇದನ್ನು ಆರು ತುಂಡು ಮಾಡುತ್ತದೆ. ಸೊನ್ನೆಯಿಂದ ಎಣಿಸಿದರೆ 3ನೇ ತುಂಡು ಮೊತ್ತವಾಗಬೇಕಿತ್ತು. ಅಲ್ಲಿ ಈಗ ಮುಂದೊಂದು ಖಾಲಿ ಜಾಗವಿರುವ 12 ಇದೆ. ಪಠ್ಯವನ್ನು ಪೂರ್ಣಾಂಕ ಮಾಡುವ ಇಂಟ್ ಫಂಕ್ಷನ್ ಅಕ್ಕಪಕ್ಕದ ಖಾಲಿ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ 12 ಎಂಬ ಚೆಂದದ ಪೂರ್ಣಾಂಕ ಕೊಡುತ್ತದೆ. ಶಾರದಾ ಅವರ 850 ರೂಪಾಯಿ 12 ರೂಪಾಯಿ ಆಯಿತು. ಯಾವ ಎರರೂ ಇಲ್ಲ. ಮನೆ ನಂಬರಿನ ಜಾಗದಲ್ಲಿ ‘4ನೇ ಅಡ್ಡರಸ್ತೆ’ ಇದ್ದಿದ್ದರೆ ಇಂಟ್ ಒಪ್ಪದೆ ಪ್ರೋಗ್ರಾಂ ನಿಲ್ಲುತ್ತಿತ್ತು, ನೀವು ಸರಿಪಡಿಸುತ್ತಿದ್ದಿರಿ. ಗದಗ ಮತ್ತು ಮೈಸೂರಿನ ಕತೆಯೇ ಮತ್ತೆ ಇಲ್ಲಿ.

ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಇದಕ್ಕಾಗಿಯೇ ಇದೆ. 2003ರಲ್ಲಿ ಬಂದ 2.3 ಆವೃತ್ತಿಯಿಂದಲೂ ಇದೆ. ಅದನ್ನು ಬಳಸುವಾಗ ಓಪನ್‌ನಲ್ಲಿ ನ್ಯೂಲೈನ್ ಎಂಬಲ್ಲಿ ಖಾಲಿ ಸ್ಟ್ರಿಂಗ್ ಕೊಡಬೇಕು. ಇದನ್ನು ಬಿಡುವವರೇ ಜಾಸ್ತಿ, ಬಿಟ್ಟರೆ ಏನಾಗುತ್ತದೆ ಎಂದು ತಿಳಿದವರು ಕಡಿಮೆ. ಎಕ್ಸೆಲ್‌ನಲ್ಲಿ ಆಲ್ಟ್ ಎಂಟರ್ ಒತ್ತಿ ಒಂದೇ ಕೋಶದಲ್ಲಿ ಎರಡು ಸಾಲು ಬರೆದ ವಿಳಾಸ ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಗಳ ಒಳಗೆ ಸಾಲು ಮುರಿದುಕೊಂಡು ಕೂರುತ್ತದೆ. ಅದು ಕಾಲಂನೊಳಗಿನ ಸಾಲುಮುರಿತ, ದಾಖಲೆಯ ಕೊನೆಯಲ್ಲ. ಯಾವುದು ಯಾವುದೆಂದು ತೀರ್ಮಾನಿಸುವುದು ಸಿಎಸ್‌ವಿ ರೀಡರಿನ ಕೆಲಸ. ನ್ಯೂಲೈನ್ ಖಾಲಿ ಬಿಡದಿದ್ದರೆ ಓಪನ್ ಮೊದಲೇ ಸಾಲುಮುರಿತಗಳನ್ನು ಬದಲಾಯಿಸಿ ಕೊಡುತ್ತದೆ. ಬರೆಯುವಾಗ ಇನ್ನೂ ಎದ್ದು ಕಾಣುತ್ತದೆ: ವಿಂಡೋಸ್‌ನಲ್ಲಿ ಪ್ರತಿ ದಾಖಲೆಯ ನಡುವೆ ಒಂದು ಖಾಲಿ ಸಾಲು ಬಂದಿದ್ದರೆ ಕಾರಣ ಇದೇ.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ದಾಖಲೆಯ ಸಂಖ್ಯೆ ಬೇರೆ, ಸಾಲಿನ ಸಂಖ್ಯೆ ಬೇರೆ. ರೀಡರಿನ ಲೈನ್ ನಂ ಎಂಬ ಗುಣ ಈವರೆಗೆ ಎಷ್ಟು ಸಾಲು ಓದಿದೆ ಎಂದು ಹೇಳುತ್ತದೆ, ಎಷ್ಟು ದಾಖಲೆ ಎಂದಲ್ಲ. ದೋಷದ ವರದಿಯಲ್ಲಿ ಎರಡನ್ನೂ ಬರೆಯಿರಿ, ಫೈಲ್ ಕಳಿಸಿದವರಿಗೆ ನೋಟ್‌ಪ್ಯಾಡಿನಲ್ಲಿ ಹುಡುಕಲು ಸಾಲಿನ ಸಂಖ್ಯೆಯೇ ಬೇಕು.

ಕಾಮಾ ಆದ ಮೇಲೆ ಖಾಲಿ ಜಾಗ ಬಿಟ್ಟು ಉದ್ಧರಣ ಚಿಹ್ನೆ ಶುರುವಾದರೆ ರೀಡರ್ ಅದನ್ನು ಉದ್ಧರಣ ಎಂದು ಗುರುತಿಸುವುದಿಲ್ಲ. ಕಾಲಂನ ಮೊಟ್ಟಮೊದಲ ಅಕ್ಷರವಾಗಿದ್ದರೆ ಮಾತ್ರ ಅದಕ್ಕೆ ಆ ಅರ್ಥ. ಆಗ ವಿಳಾಸದೊಳಗಿನ ಕಾಮಾಗಳಲ್ಲಿ ಮತ್ತೆ ತುಂಡಾಗುತ್ತದೆ. ಸ್ಕಿಪ್ ಇನಿಶಿಯಲ್ ಸ್ಪೇಸ್ ಎಂಬುದನ್ನು ಟ್ರೂ ಮಾಡಿದರೆ ಸರಿಹೋಗುತ್ತದೆ. ಇದಕ್ಕಿಂತ ಅಪಾಯಕಾರಿ ಎಂದರೆ ತೆರೆದ ಉದ್ಧರಣ ಮುಚ್ಚದೇ ಇರುವುದು. ರೀಡರ್ ಮುಂದಿನ ಉದ್ಧರಣ ಚಿಹ್ನೆ ಸಿಗುವವರೆಗೆ ಬರುವ ಸಾಲುಗಳನ್ನೆಲ್ಲ ಒಂದೇ ಕಾಲಂ ಎಂದು ನುಂಗುತ್ತಾ ಹೋಗುತ್ತದೆ. ನೂರಾರು ದಾಖಲೆ ಒಂದು ವಿಳಾಸದೊಳಗೆ ಸೇರಿಬಿಡಬಹುದು. ಕಾಲಂ 1,31,072 ಅಕ್ಷರ ದಾಟಿದರೆ ಮಾತ್ರ ಮಿತಿ ಮೀರಿದೆ ಎಂಬ ಎರರ್ ಬರುತ್ತದೆ. ಆಗ ಕೆಲವರು ಆ ಮಿತಿಯನ್ನೇ ಏರಿಸುತ್ತಾರೆ. ಮಿತಿ ಏರಿಸುವ ಮೊದಲು ಮುಚ್ಚದ ಉದ್ಧರಣ ಹುಡುಕಿ. ಸ್ಟ್ರಿಕ್ಟ್ ಎಂಬುದನ್ನು ಟ್ರೂ ಮಾಡಿದರೆ ಉದ್ಧರಣ ಮುಚ್ಚದೆ ಫೈಲ್ ಮುಗಿದಾಗ ರೀಡರ್ ಎರರ್ ಕೊಡುತ್ತದೆ. ಡೀಫಾಲ್ಟಾಗಿ ಅದು ಫಾಲ್ಸ್.

ಡಿಕ್ಟ್‌ರೀಡರ್ ಬಳಸಿದರೆ ಕಾಲಂಗಳನ್ನು ಹೆಸರಿನಿಂದ ಕರೆಯಬಹುದು, ಕಾಲಂಗಳ ಕ್ರಮ ಬದಲಾದರೂ ಪ್ರೋಗ್ರಾಂ ಕೆಡುವುದಿಲ್ಲ. ಆದರೆ ಅದಕ್ಕೆ ಸಹನೆ ಜಾಸ್ತಿ. ದಾಖಲೆಯಲ್ಲಿ ಕಾಲಂ ಕಡಿಮೆ ಇದ್ದರೆ ಉಳಿದವಕ್ಕೆ ನನ್ (ಏನೂ ಇಲ್ಲ ಎಂದು ಸೂಚಿಸುವ ಪೈಥಾನ್ ಬೆಲೆ) ಹಾಕುತ್ತದೆ. ಹೆಚ್ಚಿದ್ದರೆ ಹೆಚ್ಚಾದವನ್ನು ಒಂದು ಪಟ್ಟಿ ಮಾಡಿ ನನ್ ಎಂಬ ಕೀ ಕೆಳಗೆ ಇಡುತ್ತದೆ. ಒಂದೇ ಹೆಸರಿನ ಎರಡು ಕಾಲಂ ಇದ್ದರೆ ಕೊನೆಯದಷ್ಟೇ ಉಳಿಯುತ್ತದೆ. ಇದ್ಯಾವುದಕ್ಕೂ ಎರರ್ ಇಲ್ಲ. ಆದ್ದರಿಂದ ಪ್ರತಿ ದಾಖಲೆಗೂ ಎರಡು ಪರೀಕ್ಷೆ ನೀವೇ ಬರೆಯಬೇಕು: ನನ್ ಎಂಬ ಕೀ ಇದೆಯೇ, ಯಾವುದಾದರೂ ಬೆಲೆ ನನ್ ಆಗಿದೆಯೇ. ಎರಡೇ ಸಾಲಿನ ಕೆಲಸ. ಶೀರ್ಷಿಕೆ ಸಾಲನ್ನು ನಿರೀಕ್ಷಿತ ಹೆಸರುಗಳ ಪಟ್ಟಿಯೊಂದಿಗೆ ಮೊದಲೇ ಹೋಲಿಸಿ, ಹೊಂದದಿದ್ದರೆ ಒಂದು ದಾಖಲೆಯನ್ನೂ ಓದದೆ ನಿಲ್ಲಿಸಿ.

ಬೆಲೆಗಳನ್ನು ಪರಿವರ್ತಿಸುವಾಗ ಒಂದು ಸಂತೋಷದ ವಿಷಯವಿದೆ. ಪೈಥಾನ್‌ನ ಇಂಟ್‌ಗೆ ಕನ್ನಡ ಅಂಕಿಗಳು ಗೊತ್ತು. ೧೨೩ ಕೊಟ್ಟರೆ ನೂರ ಇಪ್ಪತ್ತಮೂರು ಎಂಬ ಸಂಖ್ಯೆಯೇ ಬರುತ್ತದೆ. ದಶಾಂಶಕ್ಕೆ ಫ್ಲೋಟ್ ಮತ್ತು ಡೆಸಿಮಲ್ ಕೂಡ ಒಪ್ಪುತ್ತವೆ. ಆದರೆ 1,25,000 ಎಂದು ಕಾಮಾ ಹಾಕಿದ ಮೊತ್ತವನ್ನು ಒಪ್ಪುವುದಿಲ್ಲ, ಕಾಮಾ ತೆಗೆದು ಕೊಡಬೇಕು. ರೂಪಾಯಿ ಪೈಸೆಗೆ ಫ್ಲೋಟ್ ಬೇಡ, ಡೆಸಿಮಲ್ ಬಳಸಿ. ಖಾಲಿ ಕಾಲಂ ಕಂಡಾಗ ಸೊನ್ನೆ ಹಾಕುವ ಅಭ್ಯಾಸ ಬಿಡಿ. ಮೊತ್ತ ಸೊನ್ನೆ ಎನ್ನುವುದೂ ಮೊತ್ತ ಬರೆದಿಲ್ಲ ಎನ್ನುವುದೂ ಒಂದಲ್ಲ. ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ ಇವು ಅಂಕಿಯಲ್ಲಿದ್ದರೂ ಲೆಕ್ಕ ಮಾಡುವ ಸಂಖ್ಯೆಗಳಲ್ಲ, ಸ್ಟ್ರಿಂಗ್ ಆಗಿಯೇ ಇರಲಿ. ಇಂಟ್ ಮಾಡಿದರೆ ಮುಂದಿನ ಸೊನ್ನೆಗಳು ಹೋಗುತ್ತವೆ. ಅದಕ್ಕೂ ಮುಂಚೆ, ಫೈಲನ್ನು ಯಾರಾದರೂ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ ಹಾನಿ ಆಗಲೇ ಆಗಿರಬಹುದು. ಹನ್ನೆರಡು ಅಂಕಿ ಮುಟ್ಟಿದ ಸಂಖ್ಯೆಯನ್ನು ಎಕ್ಸೆಲ್ ಘಾತಾಂಕದ ರೂಪದಲ್ಲಿ ತೋರಿಸುತ್ತದೆ, ಸಿಎಸ್‌ವಿಗೆ ಉಳಿಸುವಾಗ ತೋರಿಸಿದ್ದನ್ನೇ ಬರೆಯುತ್ತದೆ. ಹದಿನೈದು ಅಂಕಿ ದಾಟಿದರೆ ಉಳಿದ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಖಾತೆ ಸಂಖ್ಯೆಯ ಕಾಲಂನಲ್ಲಿ ದಶಾಂಶ ಬಿಂದುವೋ ಪ್ಲಸ್ ಚಿಹ್ನೆಯೋ ಕಂಡರೆ ಫೈಲನ್ನು ಹಿಂದಕ್ಕೆ ಕಳಿಸಿ, ಅದನ್ನು ನಿಮ್ಮ ಪ್ರೋಗ್ರಾಂ ಸರಿಪಡಿಸಲಾರದು.

ಕನ್ನಡದ ಹೆಸರುಗಳನ್ನು ಕೀ ಆಗಿ ಬಳಸುವವರಿಗೆ ಒಂದು ಎಚ್ಚರಿಕೆ. ಕೋಲಾರದ ‘ಕೋ’ ಯುನಿಕೋಡ್‌ನಲ್ಲಿ ಕ ಮತ್ತು ಓಕಾರ ಎಂಬ ಎರಡು ಸಂಕೇತವಾಗಿರಬಹುದು, ಇಲ್ಲವೇ ಓಕಾರವನ್ನು ಎಕಾರ, ಊಕಾರ, ದೀರ್ಘ ಎಂದು ಬಿಡಿಸಿ ಬರೆದಿರಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂದು ಹೇಳಿ ಕೊಟ್ಟರೆ ಎರಡೂ ಒಂದಾಗುತ್ತವೆ. ‘ರಾಜ್‌ಕುಮಾರ್’ ಥರದ ಪದಗಳ ನಡುವೆ ಟೈಪ್ ಮಾಡುವ ಶೂನ್ಯ ಅಗಲದ ಗುರುತು ಮಾತ್ರ ನಾರ್ಮಲೈಜ್‌ಗೂ ಹೋಗುವುದಿಲ್ಲ, ಅಂಚಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್‌ಗೂ ಹೋಗುವುದಿಲ್ಲ. ಅದನ್ನು ಪಠ್ಯದಲ್ಲಿ ಹಾಗೇ ಉಳಿಸಿ, ಹೋಲಿಕೆಗೆಂದು ಮಾಡಿಕೊಳ್ಳುವ ಪ್ರತಿಯಲ್ಲಿ ಮಾತ್ರ ತೆಗೆಯಿರಿ.

ಎರಡನೇ ಬಗೆಯ ಒಪ್ಪಂದಕ್ಕೆ, ಅಂದರೆ ಸ್ಥಾನ ಗೊತ್ತುಮಾಡಿದ ದಾಖಲೆಗೆ, ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಪ್ರಕಟಿಸುವ ಜಿಎಚ್‌ಸಿಎನ್ ಡೈಲಿ ಎಂಬ ಸಂಗ್ರಹದಲ್ಲಿ ಜಗತ್ತಿನ ಸಾವಿರಾರು ಕೇಂದ್ರಗಳ ದೈನಂದಿನ ಮಳೆ, ತಾಪಮಾನಗಳಿವೆ, ಭಾರತದ ಕೇಂದ್ರಗಳೂ ಇವೆ. ಅದರ ಡಿಎಲ್‌ವೈ ಫೈಲುಗಳಲ್ಲಿ ಒಂದು ಸಾಲು ಎಂದರೆ ಒಂದು ಕೇಂದ್ರದ, ಒಂದು ತಿಂಗಳ, ಒಂದು ಅಂಶದ (ಮಳೆ ಅಥವಾ ತಾಪಮಾನದಂಥ) ದಾಖಲೆ. 1ರಿಂದ 11ನೇ ಸ್ಥಾನ ಕೇಂದ್ರದ ಗುರುತು, 12ರಿಂದ 15 ವರ್ಷ, 16 ಮತ್ತು 17 ತಿಂಗಳು, 18ರಿಂದ 21 ಅಂಶದ ಸಂಕೇತ. ಆಮೇಲೆ 31 ದಿನಗಳಿಗೆ ತಲಾ 8 ಸ್ಥಾನ: 5 ಬೆಲೆಗೆ, ಒಂದೊಂದು ಮೂರು ಗುರುತುಗಳಿಗೆ. ಒಟ್ಟು 21 ಕೂಡಿಸು 248, ಅಂದರೆ 269.

ಪೈಥಾನ್‌ನಲ್ಲಿ ಸ್ಲೈಸ್ (ಸ್ಥಾನ ಹೇಳಿ ತುಂಡು ತೆಗೆಯುವುದು) ಬರೆಯುವಾಗ ಆರಂಭದಿಂದ ಒಂದು ಕಳೆಯಬೇಕು, ಕೊನೆಯನ್ನು ಹಾಗೇ ಬಿಡಬೇಕು. ವರ್ಷಕ್ಕೆ 11ರಿಂದ 15. ದಿನಗಳಿಗೆ ಸೊನ್ನೆಯಿಂದ 30ರವರೆಗೆ ಲೂಪ್, ಪ್ರತಿ ದಿನದ ಆರಂಭ 21 ಕೂಡಿಸು ದಿನದ ಎಂಟರಷ್ಟು. ಅಲ್ಲಿಂದ 5 ಅಕ್ಷರ ಬೆಲೆ, ಆರನೆಯದು ಅಳತೆಯ ಗುರುತು, ಏಳನೆಯದು ಗುಣಮಟ್ಟದ ಗುರುತು, ಎಂಟನೆಯದು ಮೂಲದ ಗುರುತು. ಇಲ್ಲಿ ಖಾಲಿ ಜಾಗದ ಮೇಲೆ ಸ್ಪ್ಲಿಟ್ ಮಾಡಿದರೆ ಕೆಡುತ್ತದೆ. ಗುರುತು ಕೆಲವು ದಿನಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಆದ್ದರಿಂದ ತುಂಡುಗಳ ಎಣಿಕೆ ಸಾಲಿನಿಂದ ಸಾಲಿಗೆ ಬೇರೆ. ಮುಂದಿನ ದಿನದ ಬೆಲೆ ಐದೂ ಸ್ಥಾನ ತುಂಬಿದ್ದರೆ ಹಿಂದಿನ ದಿನದ ಗುರುತಿಗೆ ಅಂಟಿಕೊಂಡುಬಿಡುತ್ತದೆ. ಸಾಲನ್ನು ಸ್ಟ್ರಿಪ್ ಮಾಡಲೂಬಾರದು. ಕೊನೆಯ ದಿನದ ಗುರುತುಗಳು ಖಾಲಿ ಇದ್ದಾಗ ಆ ಖಾಲಿ ಜಾಗವೂ ದಾಖಲೆಯ ಭಾಗವೇ. ಬಲಗಡೆಯ ಸಾಲುಮುರಿತ ಮಾತ್ರ ತೆಗೆದು ಉದ್ದ 269 ಇದೆಯೇ ನೋಡಿ. ಕಡಿಮೆ ಇದ್ದರೆ ಯಾವುದೋ ಎಡಿಟರ್ ಸಾಲಿನ ಕೊನೆಯ ಖಾಲಿ ಜಾಗ ಕತ್ತರಿಸಿರಬಹುದು, ಇಲ್ಲವೇ ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು.

ಮಳೆಯ ಬೆಲೆ ಮಿಲಿಮೀಟರಿನ ಹತ್ತನೇ ಒಂದರಲ್ಲಿದೆ, 125 ಎಂದರೆ 12.5 ಮಿ.ಮೀ. ಮಾಹಿತಿ ಇಲ್ಲದ ದಿನಕ್ಕೆ ಮೈನಸ್ 9999. ಪ್ರತಿ ಸಾಲಿಗೂ 31 ದಿನದ ಜಾಗ ಇರುವುದರಿಂದ ಜೂನ್‌ನ 31ನೇ ಜಾಗದಲ್ಲೂ ಮೈನಸ್ 9999 ಇರುತ್ತದೆ. ಅದನ್ನು ಬಿಡದೆ ಕೂಡಿಸಿದರೆ ತಿಂಗಳ ಮೊತ್ತದಿಂದ 999.9 ಮಿ.ಮೀ. ಹೋಗುತ್ತದೆ. ಬಯಲುಸೀಮೆಯ ಕೇಂದ್ರವಾದರೆ ಮೊತ್ತ ಸೊನ್ನೆಗಿಂತ ಕೆಳಗಿಳಿದು ತಪ್ಪು ಗೊತ್ತಾಗುತ್ತದೆ. ಮಲೆನಾಡಿನ ಒಂದು ಕೇಂದ್ರದಲ್ಲಿ ಜೂನ್‌ನಲ್ಲಿ 1,500 ಮಿ.ಮೀ. ಬಿದ್ದಿದೆ ಎನ್ನಿ. ಉತ್ತರ 500.1 ಎಂದು ಬರುತ್ತದೆ, ನೋಡಿದವರು ಆ ವರ್ಷ ಮುಂಗಾರು ದುರ್ಬಲ ಎಂದುಕೊಳ್ಳುತ್ತಾರೆ. ಗುಣಮಟ್ಟದ ಗುರುತು ಖಾಲಿ ಇಲ್ಲದ ಬೆಲೆಗಳು ಯಾವುದೋ ಒಂದು ಪರೀಕ್ಷೆಯಲ್ಲಿ ಬಿದ್ದಂಥವು, ಅವನ್ನೂ ಬೇರೆ ಇಡಬೇಕು.

ಸ್ಥಾನ ಎಂದರೆ ಅಕ್ಷರವೋ ಬೈಟೋ ಎಂಬುದನ್ನು ಒಪ್ಪಂದದಲ್ಲಿ ಖಚಿತ ಮಾಡಿಕೊಳ್ಳಿ. ಹೆಸರಿಗೆ 20 ಬೈಟ್ ಎಂದಿದ್ದರೆ ಕನ್ನಡದ ಆರು ಸಂಕೇತ ಹಿಡಿದು ಎರಡು ಬೈಟ್ ಉಳಿಯುತ್ತದೆ. ‘ಲಕ್ಷ್ಮಿ’ ಎಂಬ ಎರಡಕ್ಷರದ ಹೆಸರಿಗೇ ಏಳು ಸಂಕೇತ, 21 ಬೈಟ್ ಬೇಕು. ಬೈಟಿನ ಲೆಕ್ಕವಾದರೆ ಫೈಲನ್ನು ಬೈನರಿ ರೀತಿಯಲ್ಲಿ ತೆರೆದು, ಬೈಟುಗಳನ್ನೇ ಸ್ಲೈಸ್ ಮಾಡಿ, ಆಮೇಲೆ ಒಂದೊಂದು ಕಾಲಂ ಡಿಕೋಡ್ ಮಾಡಿ.

ಬೈನರಿ ದಾಖಲೆಗಳಿಗೆ ಸ್ಟ್ರಕ್ಟ್ ಮಾಡ್ಯೂಲ್ ಇದೆ. ನಾಲ್ಕು ಬೈಟಿನ ಪೂರ್ಣಾಂಕ, ಒಂದು ಬೈಟಿನ ಗುರುತು, ಎಂಟು ಬೈಟಿನ ಡಬಲ್ (ದಶಾಂಶ ಸಂಖ್ಯೆ) ಇರುವ ದಾಖಲೆಗೆ ಕೂಡಿದರೆ 13 ಬೈಟ್. ಆದರೆ ಫಾರ್ಮ್ಯಾಟಿನ ಮೊದಲಿಗೆ ‘<’ ಎಂಬ ‘ಇದಕ್ಕಿಂತ ಕಡಿಮೆ’ ಚಿಹ್ನೆ ಹಾಕದಿದ್ದರೆ ಪೈಥಾನ್ ಯಂತ್ರದ ಪದ್ಧತಿಯಂತೆ ನಡುವೆ ಮೂರು ಖಾಲಿ ಬೈಟ್ ಸೇರಿಸಿ 16 ಎಂದುಕೊಳ್ಳುತ್ತದೆ. ಮೊದಲ ದಾಖಲೆಯಿಂದಲೇ ಬೆಲೆಗಳು ಅಸಂಬದ್ಧವಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಓದುವ ಮುಂಚೆ ಫೈಲಿನ ಗಾತ್ರ 13ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ನೋಡಿ.

ಇಷ್ಟೆಲ್ಲ ಪರೀಕ್ಷೆ ಹಾಕಿದ ಮೇಲೆ ಕೆಟ್ಟ ದಾಖಲೆ ಸಿಕ್ಕಾಗ ಏನು ಮಾಡಬೇಕು? ಟ್ರೈ ಬರೆದು ಎಕ್ಸೆಪ್ಟ್‌ನಲ್ಲಿ ಪಾಸ್ (ದೋಷ ಬಂದರೂ ಏನೂ ಮಾಡಬೇಡ) ಎಂದು ಹಾಕಿದರೆ ಪೈಥಾನ್ ತಾನಾಗಿ ಕೊಡುತ್ತಿದ್ದ ಎಚ್ಚರಿಕೆಯನ್ನೂ ನಾವೇ ಕಿತ್ತುಹಾಕಿದಂತೆ. ತಿರಸ್ಕೃತ ದಾಖಲೆಗಳಿಗೆ ಬೇರೆ ಫೈಲ್ ಇಡಿ. ಅದರಲ್ಲಿ ಸಾಲಿನ ಸಂಖ್ಯೆ, ತಿರಸ್ಕರಿಸಿದ ಕಾರಣ, ಮೂಲ ದಾಖಲೆ ಇದ್ದ ಹಾಗೇ. ಕೊನೆಯಲ್ಲಿ ಮೂರು ಎಣಿಕೆ ಮುದ್ರಿಸಿ: ಓದಿದ್ದು, ತೆಗೆದುಕೊಂಡದ್ದು, ಬಿಟ್ಟದ್ದು. ಕೊನೆಯ ಎರಡು ಸೇರಿ ಮೊದಲನೆಯದಕ್ಕೆ ಸಮ ಆಗಲೇಬೇಕು. ಹಣದ ಫೈಲಾದರೆ ಕಳಿಸಿದವರಿಂದ ದಾಖಲೆಗಳ ಎಣಿಕೆ ಮತ್ತು ಒಟ್ಟು ಮೊತ್ತವನ್ನು ಬೇರೆಯಾಗಿ ಪಡೆದು ಹೋಲಿಸಿ, ಹೊಂದಿದ ಮೇಲಷ್ಟೇ ಡೇಟಾಬೇಸಿನಲ್ಲಿ ಕಮಿಟ್ ಮಾಡಿ, ಅಂದರೆ ಕಾಯಂ ಮಾಡಿ. ಶಾರದಾ ಅವರ ದಾಖಲೆಯಲ್ಲಿ ಕಾಣೆಯಾದ 838 ರೂಪಾಯಿ ಈ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತದೆ.

ಹಳೆಯ ಡಿಬಿಎಫ್ ಎಂಬ ಡೇಟಾಬೇಸ್ ಫೈಲುಗಳು ಇನ್ನೂ ಅನೇಕ ಕಡೆ ಇವೆ, ನಕ್ಷೆಯ ಶೇಪ್‌ಫೈಲುಗಳ ಜೊತೆಗಂತೂ ಇದ್ದೇ ಇರುತ್ತವೆ. ಅವುಗಳ ತಲೆಭಾಗದಲ್ಲೇ ದಾಖಲೆಗಳ ಸಂಖ್ಯೆ, ತಲೆಭಾಗದ ಉದ್ದ, ಒಂದು ದಾಖಲೆಯ ಉದ್ದ ಬರೆದಿರುತ್ತದೆ. ಪ್ರತಿ ದಾಖಲೆಯ ಮೊದಲ ಬೈಟ್ ಖಾಲಿ ಜಾಗವಾಗಿದ್ದರೆ ಅದು ಚಾಲ್ತಿಯಲ್ಲಿದೆ, ನಕ್ಷತ್ರ ಚಿಹ್ನೆಯಾಗಿದ್ದರೆ ಅಳಿಸಿದ್ದು. ಡಿಬಿಎಫ್‌ನಲ್ಲಿ ಅಳಿಸುವುದು ಎಂದರೆ ಆ ಗುರುತು ಹಾಕುವುದು ಅಷ್ಟೇ, ದಾಖಲೆ ಅಲ್ಲೇ ಇರುತ್ತದೆ. ಗುರುತು ನೋಡದೆ ಓದಿದರೆ ತೆಗೆದುಹಾಕಿದ ಫಲಾನುಭವಿಗಳೆಲ್ಲ ಮತ್ತೆ ಪಟ್ಟಿಗೆ ಬರುತ್ತಾರೆ.

ಅಂಥ ಫೈಲುಗಳಲ್ಲಿ ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಇದ್ದರೆ ಯಾವ ಎನ್‌ಕೋಡಿಂಗ್ ಕೊಡಬೇಕು ಎಂದು ಕೇಳುವವರಿದ್ದಾರೆ. ಅದಕ್ಕೆ ಸರಿಯಾದ ಎನ್‌ಕೋಡಿಂಗ್ ಪೈಥಾನ್‌ನಲ್ಲಿ ಇಲ್ಲ. ಅಲ್ಲಿ ಉಳಿಸಿರುವುದು ಅಕ್ಷರಗಳನ್ನಲ್ಲ, ಫಾಂಟಿನ ಆಕಾರಗಳ ಸಂಖ್ಯೆಗಳನ್ನು. ಒಂದು ಅಕ್ಷರಕ್ಕೆ ಎರಡು ಮೂರು ಆಕಾರ ಇರಬಹುದು, ಕ್ರಮವೂ ಕಣ್ಣಿಗೆ ಕಾಣುವ ಕ್ರಮ. ಅರ್ಕಾವತ್ತು ವ್ಯಂಜನದ ಆಮೇಲೆ ಬಂದಿರುತ್ತದೆ. ಮೊದಲು ಲ್ಯಾಟಿನ್-1 ಎಂದು ಓದಿ. ಅದರಲ್ಲಿ 256 ಬೈಟಿಗೂ ಒಂದೊಂದು ಸ್ಥಾನ ಇರುವುದರಿಂದ ಏನೂ ಕಳೆದುಹೋಗುವುದಿಲ್ಲ. ಆಮೇಲೆ ಆ ಫಾಂಟಿಗೆ ತಕ್ಕ ಪರಿವರ್ತಕಕ್ಕೆ ಕೊಡಿ. ಲ್ಯಾಟಿನ್-1 ಯಾವತ್ತೂ ಎರರ್ ಕೊಡುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು, ಪರಿವರ್ತನೆ ಆದ ಪ್ರತಿ ಕಾಲಂನಲ್ಲೂ ಕನ್ನಡ, ಅಂಕಿ, ವಿರಾಮಚಿಹ್ನೆ ಬಿಟ್ಟು ಬೇರೆ ಅಕ್ಷರ ಉಳಿದಿದೆಯೇ ಎಂದು ಪರೀಕ್ಷಿಸಿ. ಉಳಿದಿದ್ದರೆ ಆ ದಾಖಲೆ ತಿರಸ್ಕೃತ ಫೈಲಿಗೆ.